ಜಿಕೊ ಕೋಚ್ ಆಗಿ ಗೆದ್ದನೋ ಸೋತನೋ? ಭಾನುವಾರದ ಜಗಳ ಇಲ್ಲಿ ಮುಂದುವರಿಯಲಿ

ಹತ್ತನೇ_ನಂಬರು:
ಭಾನುವಾರ ಬೆಳಿಗ್ಗೆ ಆಟ ಮುಗಿಸಿ ಇಡ್ಲಿ ತಿನ್ನುವಾಗ ಶುರುವಾದ ಜಗಳ ಇದು. ನಮ್ಮ ಗುಂಪಿನಲ್ಲಿ ಒಬ್ಬ ಅಂದ, "ದೊಡ್ಡ ಆಟಗಾರರು ಒಳ್ಳೆ ಕೋಚ್ ಆಗಲ್ಲ ಗುರು, ಜಿಕೊನೇ ನೋಡು." ನಾನು ಜಿಕೊ ಭಕ್ತ. ಸುಮ್ನೆ ಕೂರೋಕೆ ಆಗಲಿಲ್ಲ. ಆದರೆ ವಾದಕ್ಕೆ ಇಳಿದ ಮೇಲೆ ಗೊತ್ತಾಯಿತು, ಅವನ ಆಟದ ಬಗ್ಗೆ ನನಗೆ ಗೊತ್ತಿರೋದರಲ್ಲಿ ಕಾಲು ಭಾಗವೂ ಕೋಚಿಂಗ್ ಬಗ್ಗೆ ಗೊತ್ತಿಲ್ಲ.

ಹೊಸಬರಿಗೆ ಎರಡು ಮಾತು. ಜಿಕೊ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ. ಪೂರ್ತಿ ಹೆಸರು ಆರ್ಥರ್ ಅಂಟೂನೆಸ್ ಕೊಯಿಂಬ್ರಾ. 1953ರಲ್ಲಿ ರಿಯೊದ ಕ್ವಿಂಟಿನೊ ಬಡಾವಣೆಯಲ್ಲಿ ಹುಟ್ಟಿದ. ಆರು ಮಕ್ಕಳಲ್ಲಿ ಕೊನೆಯವನು. ಆರ್ಥರ್‌ಜಿಕೊ ಅಂತ ಮುದ್ದಿಗೆ ಕರೆದದ್ದು ಸವೆದು ಸವೆದು ಜಿಕೊ ಆಯಿತು. ರಿಯೊದ ಫ್ಲಮೆಂಗೊ ಕ್ಲಬ್ಬಿಗೆ 500ಕ್ಕೂ ಜಾಸ್ತಿ ಗೋಲು, ಅದರಲ್ಲೂ ಮರಕಾನಾ ಮೈದಾನ ಒಂದರಲ್ಲೇ 333 ಗೋಲು ಅವನ ಲೆಕ್ಕದಲ್ಲಿದೆ. 1981ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಲಿಬರ್ಟಡೋರೆಸ್ ಕಪ್ ಗೆದ್ದು, ಡಿಸೆಂಬರ್‌ನಲ್ಲಿ ಟೋಕಿಯೊಗೆ ಹೋಗಿ ಲಿವರ್‌ಪೂಲ್‌ಗೆ 3–0 ಬಡಿದರು. 1978, 82, 86 ಮೂರೂ ವಿಶ್ವಕಪ್ ಆಡಿದ, ಒಂದನ್ನೂ ಗೆಲ್ಲಲಿಲ್ಲ.

ಕೋಚ್ ಆಗಿ 2002ರಿಂದ 2016ರವರೆಗೆ ಎಂಟು ದೇಶ ಸುತ್ತಿದ. ಜಪಾನ್, ಟರ್ಕಿ, ಉಜ್ಬೆಕಿಸ್ತಾನ, ರಷ್ಯಾ, ಗ್ರೀಸ್, ಇರಾಕ್, ಕತಾರ್, ಕೊನೆಗೆ ನಮ್ಮ ಪಕ್ಕದ ಗೋವಾ. ಬ್ರೆಜಿಲ್‌ನ ಯಾವ ದೊಡ್ಡ ಕ್ಲಬ್ಬಿಗೂ ಕೋಚ್ ಆಗಲಿಲ್ಲ.

ಈಗ ಹೇಳಿ. ಒಳ್ಳೆ ಕೋಚಾ? ಇಲ್ಲ ಹೆಸರು ನೋಡಿ ಕೆಲಸ ಕೊಟ್ಟರಾ?

ಅಂಕಿ_ಅಂಶ:
ಹೆಸರು ನೋಡಿ ಕೊಟ್ಟರು. 2002ರಲ್ಲಿ ಜಪಾನ್ ತಂಡ ಕೈಗೆ ಬಂದಾಗ ಅವನ ಅನುಭವ ಎಷ್ಟು? 1999ರಲ್ಲಿ ಜಪಾನಿನ ಕ್ಲಬ್ಬು ಕಾಶಿಮಾ ಆಂಟ್ಲರ್ಸ್‌ಗೆ ಸ್ವಲ್ಪ ದಿನ ಹಂಗಾಮಿ ಕೋಚ್, ಅಷ್ಟೇ. 98ರ ವಿಶ್ವಕಪ್‌ನಲ್ಲಿ ಜಗಾಲೊ ಜೊತೆ ಬ್ರೆಜಿಲ್ ತಂಡಕ್ಕೆ ಟೆಕ್ನಿಕಲ್ ಕೋಆರ್ಡಿನೇಟರ್ ಆಗಿದ್ದ, ಅದನ್ನ ಕೋಚಿಂಗ್ ಅನ್ನೋಕೆ ಆಗಲ್ಲ. ಆಗಷ್ಟೇ ತವರಲ್ಲಿ ವಿಶ್ವಕಪ್ ಆಡಿ ಎರಡನೇ ಸುತ್ತು ಮುಟ್ಟಿದ್ದ ತಂಡವನ್ನ ಇಂಥವನ ಕೈಗೆ ಕೊಟ್ಟರು.

ಫಲ ಗೊತ್ತೇ ಇದೆ. 2006ರ ವಿಶ್ವಕಪ್, ಜೂನ್ 12, ಜರ್ಮನಿಯ ಕೈಸರ್ಸ್‌ಲೌಟರ್ನ್. ಆಸ್ಟ್ರೇಲಿಯಾ ಎದುರು 84ನೇ ನಿಮಿಷದವರೆಗೂ ಜಪಾನ್ 1–0 ಮುಂದೆ. ಆಮೇಲೆ ಎಂಟೇ ನಿಮಿಷದಲ್ಲಿ ಮೂರು ಗೋಲು. ಕಾಹಿಲ್ ಎರಡು, ಅಲೊಯಿಸಿ ಒಂದು. ಅತ್ತ ಆಸ್ಟ್ರೇಲಿಯಾ ಬೆಂಚಿನಲ್ಲಿ ಕೋಚ್ ಹಿಡಿಂಕ್. ಅವನು ಕಾಹಿಲ್, ಕೆನಡಿ, ಅಲೊಯಿಸಿ ಅಂತ ಒಬ್ಬರ ಹಿಂದೆ ಒಬ್ಬರನ್ನ ಇಳಿಸಿ ದಾಳಿ ಏರಿಸುತ್ತಲೇ ಹೋದ. ಗೋಲು ಹೊಡೆದ ಇಬ್ಬರೂ ಬೆಂಚಿನಿಂದ ಬಂದವರೇ. ಇತ್ತ ಜಿಕೊ 79ನೇ ನಿಮಿಷದಲ್ಲಿ ಏನು ಮಾಡಿದ? ಒಬ್ಬ ಫಾರ್ವರ್ಡ್ ತೆಗೆದು ಶಿಂಜಿ ಓನೊನನ್ನ ಇಳಿಸಿದ. ಓನೊ ಪಾಸ್ ಕೊಡೋಕೆ ಹುಟ್ಟಿದವನು. ಮನೆಗೆ ನೀರು ನುಗ್ಗುತ್ತಿರುವಾಗ ರಂಗೋಲಿ ಬಿಡೋನನ್ನ ಕರೆದ ಹಾಗೆ.

ಗೌತಂಪುರ_ಗೋಲಿ:
ರಂಗೋಲಿ ಹೋಲಿಕೆ ಚೆನ್ನಾಗಿದೆ, ಆದರೆ ಅನ್ಯಾಯ. ಮುನ್ನಡೆಯಲ್ಲಿದ್ದಾಗ ಚೆಂಡನ್ನ ನಮ್ಮ ಕಾಲಲ್ಲೇ ಇಟ್ಟುಕೊಂಡರೆ ಎದುರಾಳಿ ಗೋಲು ಹೊಡೆಯೋದು ಹೇಗೆ, ಅದು ಜಿಕೊ ಲೆಕ್ಕ. ಓನೊನ ಕಾಲಿಗೆ ಚೆಂಡು ಸಿಕ್ಕಿದ್ದರೆ ಸರಿಹೋಗುತ್ತಿತ್ತು. ಸಿಗಲಿಲ್ಲ.

ಗೊತ್ತಿಲ್ಲದವರಿಗೆ: ಗೌತಂಪುರ ಅಂದರೆ ಬೆಂಗಳೂರಿನ ಹಲಸೂರು ಪಕ್ಕ. ನಮ್ಮ ಬೀದಿಯಲ್ಲಿ ಪೆಲೆ ಪ್ರತಿಮೆ ಇದೆ. ವಿಶ್ವಕಪ್ ಬಂದರೆ ಓಣಿಗೆ ಓಣಿಯೇ ಹಳದಿ-ಹಸಿರು. ಹಾಗಾಗಿ ನನ್ನಿಂದ ನಿಷ್ಪಕ್ಷಪಾತ ನಿರೀಕ್ಷಿಸಬೇಡಿ.

ಹಳೇ_ರೆಫರಿ:
ನಾನು ಇಲ್ಲಿ ಎಲ್ಲರಿಗಿಂತ ವಯಸ್ಸಾದವನು ಅನ್ನಿಸುತ್ತೆ. ಜಿಕೊ ಅವರ ಕೋಚಿಂಗ್ ಅರ್ಥವಾಗಬೇಕಾದರೆ ಒಂದು ರಾತ್ರಿಯ ಕಥೆ ಹೇಳಬೇಕು.

1986 ಜೂನ್ 21, ಗ್ವಾಡಲಹಾರಾ. ನಮಗೆ ನಡುರಾತ್ರಿ. ಪಕ್ಕದ ಮನೆಯವರ ಟಿವಿ ಮುಂದೆ ಹದಿನಾರು ಜನ ಕೂತಿದ್ದೆವು, ದೂರದರ್ಶನದಲ್ಲಿ ನೇರ ಪ್ರಸಾರ. ಆಂಟೆನಾ ತಿರುಗಿಸಲು ಒಬ್ಬ ಹುಡುಗ ಮಹಡಿಯ ಮೇಲೆ. ಬ್ರೆಜಿಲ್–ಫ್ರಾನ್ಸ್ ಕ್ವಾರ್ಟರ್ ಫೈನಲ್, 1–1. ಜಿಕೊ ಬೆಂಚಿನಲ್ಲಿದ್ದರು. ಹಿಂದಿನ ವರ್ಷ ಬಾಂಗು ತಂಡದ ಡಿಫೆಂಡರ್ ಒಬ್ಬ ಮಾಡಿದ ಟ್ಯಾಕಲ್‌ನಿಂದ ಮೊಣಕಾಲು ಹಾಳಾಗಿತ್ತು. ಅದೇ ಕಾಲಿನಲ್ಲಿ ಮೆಕ್ಸಿಕೊಗೆ ಬಂದಿದ್ದರು.

ಎಪ್ಪತ್ತು ನಿಮಿಷ ದಾಟಿದ ಮೇಲೆ ಇಳಿದರು. ಬಂದ ಕೂಡಲೇ ಬ್ರಾಂಕೊಗೆ ಒಂದು ಪಾಸ್. ಗೋಲ್‌ಕೀಪರ್ ಬ್ಯಾಟ್ಸ್ ಅವನನ್ನು ಬೀಳಿಸಿದ. ಪೆನಾಲ್ಟಿ. ಸಾಕ್ರಟೀಸ್ ಇದ್ದರು, ಕರೆಕಾ ಇದ್ದರು. ಆದರೂ ಮೈ ಇನ್ನೂ ಬಿಸಿಯಾಗದ ಜಿಕೊ ಚೆಂಡು ಇಟ್ಟರು. ಹೊಡೆದರು. ಬ್ಯಾಟ್ಸ್ ಹಿಡಿದ. ನಮ್ಮ ಕೋಣೆಯಲ್ಲಿ ಯಾರೂ ಉಸಿರು ಬಿಡಲಿಲ್ಲ.

ಆಮೇಲೆ ಪೆನಾಲ್ಟಿ ಶೂಟೌಟ್. ಅದರಲ್ಲಿ ಜಿಕೊ ಗೋಲು ಹೊಡೆದರು ಅನ್ನೋದು ಯಾರಿಗೂ ನೆನಪಿಲ್ಲ. ಸಾಕ್ರಟೀಸ್ ತಪ್ಪಿಸಿದರು, ಜೂಲಿಯೊ ಸೀಸರ್ ಕಂಬಕ್ಕೆ ಹೊಡೆದರು. ಫ್ರಾನ್ಸ್ ಕಡೆ ಪ್ಲಾಟಿನಿಯೇ ತಪ್ಪಿಸಿದರು. ಬ್ರೆಜಿಲ್ 4–3ರಲ್ಲಿ ಸೋತಿತು.

ಈ ಮನುಷ್ಯ ಮುಂದೆ ಕೋಚ್ ಆದಾಗ, ಮೈದಾನದಲ್ಲಿ ಇರುವವನೇ ನಿರ್ಧಾರ ಮಾಡಲಿ ಅಂತ ಬಿಡುತ್ತಿದ್ದರು. ಆ ರಾತ್ರಿ ಅವರಿಗೂ ಯಾರೋ ಹಾಗೇ ಬಿಟ್ಟಿದ್ದರು.

ಅಂಕಿ_ಅಂಶ:
ಸರ್, ನೀವು ಹೇಳಿದ್ದು ನನ್ನ ವಾದವನ್ನೇ ಗಟ್ಟಿ ಮಾಡುತ್ತೆ. ಆಗಲೂ ಬೆಂಚಿನಿಂದ ಒಬ್ಬರು "ನೀನಲ್ಲ, ಸಾಕ್ರಟೀಸ್ ಹೊಡೀಲಿ" ಅನ್ನಬೇಕಿತ್ತು.

ಹಳೇ_ರೆಫರಿ:
ಬೆಂಚಿನಲ್ಲಿ ಇದ್ದದ್ದು ಟೆಲೆ ಸಂಟಾನಾ ಮಾರಾಯ. ಅವರೂ ಹಾಗೆ ಅನ್ನುವವರಲ್ಲ.

ಟ್ಸುಕುಬಾ_ಕನ್ನಡತಿ:
ನಾನು ಇರೋದು ಜಪಾನಿನ ಇಬಾರಾಕಿ ಪ್ರಾಂತ್ಯದಲ್ಲಿ, ಕಾಶಿಮಾ ಇರೋದೂ ಇಲ್ಲೇ. ಹಾಗಾಗಿ ಎರಡು ಮಾತು.

"ಅನುಭವ ಇಲ್ಲ" ಅಂತೀರಲ್ಲ, 1991ರಲ್ಲಿ ಜಿಕೊ ಇಲ್ಲಿಗೆ ಬಂದಾಗ ಏನಿತ್ತು ನೋಡಿ. 38 ವರ್ಷ. ಮರಕಾನಾದಲ್ಲಿ ವಿದಾಯ ಪಂದ್ಯ ಆಡಿ ಮುಗಿದಿತ್ತು, ಬ್ರೆಜಿಲ್ ಸರ್ಕಾರದಲ್ಲಿ ಕ್ರೀಡಾ ಕಾರ್ಯದರ್ಶಿ ಆಗಿದ್ದೂ ಮುಗಿದಿತ್ತು. ಬಂದದ್ದು ಸುಮಿಟೊಮೊ ಮೆಟಲ್ಸ್ ಅನ್ನೋ ಉಕ್ಕಿನ ಕಾರ್ಖಾನೆಯ ತಂಡಕ್ಕೆ, ಅದೂ ಎರಡನೇ ದರ್ಜೆ ಲೀಗ್‌ನಲ್ಲಿ. ನಮ್ಮ ಭದ್ರಾವತಿಗೆ ಬಂದು ಆಡಿದ ಹಾಗೆ ಅನ್ಕೊಳ್ಳಿ. ಹೊಸ ವೃತ್ತಿಪರ ಲೀಗ್‌ಗೆ ಇವರು ಅರ್ಜಿ ಹಾಕಿದಾಗ, ಚಾವಣಿ ಇರೋ 15,000 ಜನರ ಸ್ಟೇಡಿಯಂ ಕಟ್ಟಿ ಆಮೇಲೆ ಬನ್ನಿ ಅಂದರಂತೆ. ಇವರು ಕಟ್ಟೇಬಿಟ್ಟರು.

ಆ ಕಾರ್ಖಾನೆ ತಂಡವೇ ಕಾಶಿಮಾ ಆಂಟ್ಲರ್ಸ್ ಆಯಿತು. 1993 ಮೇ 16ರಂದು ಆ ಹೊಸ ಲೀಗ್, ಅಂದರೆ ಜೆ ಲೀಗ್‌ನಲ್ಲಿ, ತನ್ನ ಮೊದಲ ಪಂದ್ಯ ಆಡಿತು. ಎದುರಿಗೆ ಲಿನೆಕರ್ ಇದ್ದ ನಗೋಯಾ. ಕಾಶಿಮಾ 5–0. ನಲವತ್ತು ವರ್ಷದ ಜಿಕೊ ಹ್ಯಾಟ್ರಿಕ್. ಆ ವರ್ಷ ಮೊದಲ ಹಂತವನ್ನೂ ಕಾಶಿಮಾನೇ ಗೆದ್ದಿತು.

ಹೋದ ವರ್ಷ ಪಂದ್ಯ ನೋಡೋಕೆ ಹೋಗಿದ್ದೆ. ಸ್ಟೇಡಿಯಂ ಪಕ್ಕದಲ್ಲೊಂದು ರೈಲು ನಿಲ್ದಾಣ ಇದೆ. ಪಂದ್ಯದ ದಿನ ಮಾತ್ರ ಅಲ್ಲಿ ರೈಲು ನಿಲ್ಲುತ್ತೆ. ಉಳಿದ ದಿನ ಅದರ ಪಾಡಿಗೆ ಗದ್ದೆ ನೋಡ್ತಾ ಕೂತಿರುತ್ತೆ. ಹೊರಗೆ ಜಿಕೊ ಪ್ರತಿಮೆ. ಮಕ್ಕಳು ಅದರ ಕಾಲು ಮುಟ್ಟಿ ಒಳಗೆ ಹೋಗ್ತಿದ್ದರು. ಅಲ್ಲಿ ಮಾರೋ ಮಾಂಸದ ಸಾರು ಬಹಳ ಫೇಮಸ್. ನಾನು ತಿನ್ನಲ್ಲ, ಹಾಗಾಗಿ ಹುರಿದ ಆಲೂಗಡ್ಡೆ ತಿಂದು ಬಂದೆ.

ಈ ಕ್ಲಬ್ಬಿನವರು ಈಗಲೂ ಮೂರು ಮಾತು ಹೇಳ್ತಾರೆ: ಸಮರ್ಪಣೆ, ಪ್ರಾಮಾಣಿಕತೆ, ಗೌರವ. ಅದಕ್ಕೆ ಅವರಿಟ್ಟ ಹೆಸರು "ಜಿಕೊ ಸ್ಪಿರಿಟ್". ಹಾಗಿರುವಾಗ ಜಪಾನಿನವರು ಬರೀ ಹೆಸರು ನೋಡಿ ಕರೆದರು ಅನ್ನೋದು ಪೂರ್ತಿ ಸರಿಯಲ್ಲ. ಇಲ್ಲೊಂದು ಕ್ಲಬ್ಬನ್ನ ಬೇರಿನಿಂದ ಬೆಳೆಸಿದ್ದನ್ನ ಅವರು ಕಣ್ಣಾರೆ ನೋಡಿದ್ದರು.

ಅಂಕಿ_ಅಂಶ:
ಮೇಡಂ, ಒಪ್ಪಿದೆ. ಆದರೆ ಕ್ಲಬ್ ಕಟ್ಟೋದು ಬೇರೆ, ಪಂದ್ಯದ ಮಧ್ಯೆ ಯೋಚನೆ ಮಾಡೋದು ಬೇರೆ. ಅದೇ ಕಾಶಿಮಾಗೆ 2000ದಲ್ಲಿ ಕೋಚ್ ಆಗಿ ಬಂದದ್ದು ಟೊನಿನ್ಯೊ ಸೆರೆಜೊ, 82ರ ವಿಶ್ವಕಪ್‌ನ ಬ್ರೆಜಿಲ್ ತಂಡದಲ್ಲಿ ಜಿಕೊ ಪಕ್ಕದಲ್ಲೇ ಆಡಿದವನು. ಬಂದ ವರ್ಷವೇ ಲೀಗ್, ಲೀಗ್ ಕಪ್, ಎಂಪರರ್ಸ್ ಕಪ್ ಮೂರೂ ಗೆದ್ದ. ಪ್ರತಿಮೆ ಜಿಕೊದು, ಕಪ್ ಸೆರೆಜೊದು.

ಇನ್ನೊಂದು ತಮಾಷೆ. 82ರ ಮಿಡ್‌ಫೀಲ್ಡ್‌ನ ಮೂರನೆಯವನು ಫಾಲ್ಕಾವೊ 1994ರಲ್ಲಿ ಜಪಾನ್ ರಾಷ್ಟ್ರೀಯ ತಂಡದ ಕೋಚ್. 82ರ ವಿಶ್ವಕಪ್‌ನಲ್ಲಿ ಇಟಲಿ ಎದುರು ಸೋತ ಆ ಮಧ್ಯಾಹ್ನದ ಸಾಲ ತೀರಿಸಲು ಎಲ್ಲರೂ ಜಪಾನಿಗೇ ಬಂದ ಹಾಗಿದೆ.

ಹತ್ತನೇ_ನಂಬರು:
ಸೆರೆಜೊ ವಿಷಯ ನನಗೆ ಗೊತ್ತಿರಲಿಲ್ಲ. ಇದು ಪೆಟ್ಟು.

ಗೌತಂಪುರ_ಗೋಲಿ:
ಪೆಟ್ಟಿಗೆ ಪೆಟ್ಟು ನನ್ನ ಹತ್ತಿರ ಇದೆ. 2004ರ ಏಷ್ಯಾ ಕಪ್. ಗೋಲ್‌ಕೀಪರ್ ಆಗಿ ಹೇಳ್ತಿದ್ದೀನಿ, ಆ ಜೋರ್ಡಾನ್ ಪಂದ್ಯದ ಶೂಟೌಟ್ ನಾನು ಇಪ್ಪತ್ತು ಸಲವಾದರೂ ನೋಡಿರಬೇಕು.

ಚೀನಾದ ಚಾಂಗ್‌ಚಿಂಗ್. ಕ್ವಾರ್ಟರ್ ಫೈನಲ್ 1–1, ಶೂಟೌಟ್‌ಗೆ ಹೋಯಿತು. ಮೊದಲು ನಕಮುರಾ. ಅಂಥ ಎಡಗಾಲು ಏಷ್ಯಾದಲ್ಲೇ ಇರಲಿಲ್ಲ. ಓಡಿ ಬಂದ, ಊರಿದ ಕಾಲು ಜಾರಿತು, ಚೆಂಡು ಗೋಲಿನ ಮೇಲಿಂದ ಆಕಾಶಕ್ಕೆ. ಎರಡನೆಯವನು ಅಲೆಕ್ಸ್, ಬ್ರೆಜಿಲ್‌ನಲ್ಲಿ ಹುಟ್ಟಿ ಜಪಾನಿನವನಾದವನು, ಅವನೂ ಎಡಗಾಲು. ಅದೇ ಜಾಗ, ಅದೇ ಜಾರು, ಅದೇ ಆಕಾಶ. ಚುಕ್ಕೆ ಹತ್ತಿರದ ಹುಲ್ಲು ಪೂರ್ತಿ ಕಿತ್ತುಬಂದಿತ್ತು.

ಆಗ ಕ್ಯಾಪ್ಟನ್ ಮಿಯಾಮೊಟೊ ಮಧ್ಯದ ಗೆರೆಯಿಂದ ನಡೆದು ಬಂದ. ಕೂಗಾಡಲಿಲ್ಲ. ರೆಫರಿ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದ, ನೆಲ ತೋರಿಸಿದ. ಶೂಟೌಟ್ ಅರ್ಧ ನಡೆದಿರುವಾಗ ಗೋಲ್ ಬದಲಿಸಿ ಅಂತ ಯಾರಾದರೂ ಕೇಳೋದನ್ನ ನೋಡಿದ್ದೀರಾ? ರೆಫರಿ ಒಪ್ಪಿಬಿಟ್ಟ. ಎಲ್ಲರೂ ಆ ಕಡೆ ಗೋಲಿಗೆ ಹೋದರು. ಅಲ್ಲೂ ಒಂದು ಹಂತದಲ್ಲಿ ಜಪಾನ್ 3–1 ಹಿಂದೆ ಬಿತ್ತು. ಅಲ್ಲಿಂದ ಮುಂದೆ ಕವಗುಚಿ ಕೀಪಿಂಗ್ ನೋಡಬೇಕು. ಜೋರ್ಡಾನ್‌ನವರು ಮತ್ತೆ ಒಂದೂ ಗೋಲು ಹೊಡೆಯಲಿಲ್ಲ. 4–3. ಕೊನೆಯ ಗೋಲು ಮಿಯಾಮೊಟೊನದ್ದೇ.

ಆಮೇಲೆ ಸೆಮಿಯಲ್ಲಿ ಬಹ್ರೇನ್ ಎದುರು ಹೆಚ್ಚುವರಿ ಸಮಯದಲ್ಲಿ 4–3, ಫೈನಲ್‌ನಲ್ಲಿ ಬೀಜಿಂಗ್‌ನಲ್ಲೇ ಚೀನಾಗೆ 3–1. ಇಡೀ ಸ್ಟೇಡಿಯಂ ವಿರುದ್ಧ ಇತ್ತು.

ಅಂಕಿ_ಅಂಶ:
ಇದರಲ್ಲಿ ಜಿಕೊ ಎಲ್ಲಿ ಬಂದ? ಕ್ಯಾಪ್ಟನ್ ಬುದ್ಧಿ, ಕೀಪರ್ ಕೈ, ಒಂದಿಷ್ಟು ಅದೃಷ್ಟ.

ಗೌತಂಪುರ_ಗೋಲಿ:
ಅದೇ ನನ್ನ ಮಾತು. ಹಿಂದಿನ ಕೋಚ್ ಟ್ರೂಸಿಯೆ ಕಾಲದಲ್ಲಿ ಡಿಫೆಂಡರ್ ಒಂದು ಹೆಜ್ಜೆ ಹಿಂದೆ ಇಡಬೇಕಾದರೂ ಲೆಕ್ಕ ಇತ್ತು. ಅದರಿಂದ ತಂಡಕ್ಕೆ ಶಿಸ್ತು ಬಂತು, ಇಲ್ಲ ಅನ್ನಲ್ಲ. ಜಿಕೊ ಬಂದು ಹಗ್ಗ ಬಿಚ್ಚಿದ. ನಿಮಗೆ ಕಾಣೋದನ್ನ ನೀವೇ ನೋಡಿ ಆಡಿ ಅಂದ. ಎರಡು ವರ್ಷ ಹಾಗೆ ಬೆಳೆದ ಕ್ಯಾಪ್ಟನ್ ಬೆಂಚಿನ ಕಡೆ ತಿರುಗಿ ನೋಡದೆ ನೇರ ರೆಫರಿ ಹತ್ತಿರ ಹೋದ.

ಅಂಕಿ_ಅಂಶ:
ಮತ್ತೆ ಕೈಸರ್ಸ್‌ಲೌಟರ್ನ್‌ನಲ್ಲಿ ಅದೇ ಕ್ಯಾಪ್ಟನ್ ಇದ್ದನಲ್ಲ? ಮುಂದೆ ಹೋಗೋಣ ಅನ್ನೋರು ಕೆಲವರು, ಹಿಂದೆ ನಿಲ್ಲೋಣ ಅನ್ನೋರು ಕೆಲವರು, ಮಧ್ಯ ಬಟಾ ಬಯಲು. ಎಂಟು ನಿಮಿಷ ಬೆಂಚಿನಿಂದ ಒಂದು ಗಟ್ಟಿ ದನಿ ಬೇಕಿತ್ತು. ಬರಲಿಲ್ಲ.

ಹತ್ತನೇ_ನಂಬರು:
ಇಬ್ಬರೂ ಒಂದೇ ಗುಣದ ಎರಡು ಮುಖ ಹೇಳ್ತಿದ್ದೀರಿ ಅನ್ನಿಸುತ್ತೆ. ಅಂದಹಾಗೆ ಆ ಜಪಾನ್ ತಂಡಕ್ಕೆ ಇನ್ನೂ ಸ್ವಲ್ಪ ನ್ಯಾಯ ಸಿಗಲಿ. 2005 ಜೂನ್‌ನಲ್ಲಿ ಬ್ಯಾಂಕಾಕ್‌ನಲ್ಲಿ, ಪ್ರೇಕ್ಷಕರೇ ಇಲ್ಲದ ಖಾಲಿ ಸ್ಟೇಡಿಯಂನಲ್ಲಿ ಉತ್ತರ ಕೊರಿಯಾವನ್ನು 2–0 ಸೋಲಿಸಿ, ಆತಿಥೇಯ ಜರ್ಮನಿ ಬಿಟ್ಟರೆ ಎಲ್ಲರಿಗಿಂತ ಮೊದಲು ವಿಶ್ವಕಪ್‌ಗೆ ಅರ್ಹತೆ ಪಡೆದರು. ಅದೇ ತಿಂಗಳು ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಯುರೋಪ್ ಚಾಂಪಿಯನ್ ಗ್ರೀಸ್‌ಗೆ 1–0, ಬ್ರೆಜಿಲ್ ಜೊತೆ 2–2.

ಟ್ಸುಕುಬಾ_ಕನ್ನಡತಿ:
ಇಲ್ಲಿ ನನ್ನ ಆಫೀಸಿನ ಹಿರಿಯರೊಬ್ಬರ ಹತ್ತಿರ 2006 ಅಂದರೆ ಸಾಕು, ಆಸ್ಟ್ರೇಲಿಯಾ ಪಂದ್ಯಕ್ಕಿಂತ ಕ್ರೊಯೇಷ್ಯಾ ಪಂದ್ಯ ತೆಗೀತಾರೆ. ನ್ಯೂರೆಂಬರ್ಗ್, 0–0. ಕವಗುಚಿ ಪೆನಾಲ್ಟಿ ಹಿಡಿದಿದ್ದ. ಅತ್ತ ಯನಗಿಸವಾ ಮುಂದೆ ಖಾಲಿ ಗೋಲು. ಚೆಂಡು ಕಾಲಿಗೆ ಬಂತು. ಒಳಗಾಲಿನಿಂದ ತಳ್ಳಿದ್ದರೆ ಸಾಕಿತ್ತು, ಇವನು ಹೊರಗಾಲಿನಿಂದ ಮುಟ್ಟಿ ಆಚೆ ಕಳಿಸಿದ. ಆ ಹಿರಿಯರು ಟೀ ಲೋಟ ಕೆಳಗಿಟ್ಟು ಕಾಲಿನಲ್ಲಿ ಮಾಡಿ ತೋರಿಸ್ತಾರೆ. ಪ್ರತಿ ಸಲ.

ಆಮೇಲೆ ಡಾರ್ಟ್‌ಮಂಡ್‌ನಲ್ಲಿ ಬ್ರೆಜಿಲ್‌ಗೆ 1–4. ನಕಾಟಾ ಮೈದಾನದ ಮಧ್ಯೆ ಅಂಗಾತ ಮಲಗಿಬಿಟ್ಟ. 29 ವರ್ಷಕ್ಕೇ ಆಟ ಬಿಟ್ಟ.

ಮಂಡ್ಯದ_ಮಿಡ್‌ಫೀಲ್ಡರ್:
ಎಲ್ಲರೂ ಜಪಾನ್‌ಗೇ ಅಂಟಿಕೊಂಡಿದ್ದೀರಿ. ಫೆನರ್‌ಬಾಚೆ ಕಥೆ, ಅದೇ ಟರ್ಕಿಯ ಕ್ಲಬ್ಬಿಂದು, ಯಾರು ಹೇಳ್ತೀರಿ? ಕೋಚ್ ಜಿಕೊನ ಅತ್ಯುತ್ತಮ ಎರಡು ವರ್ಷ ಅದು.

2006–07, ಕ್ಲಬ್ಬಿನ ನೂರನೇ ವರ್ಷ. ಅಂಥ ವರ್ಷ ಲೀಗ್ ಗೆಲ್ಲದೇ ಇದ್ದಿದ್ದರೆ ಇಸ್ತಾಂಬುಲ್‌ನಲ್ಲಿ ತಲೆ ಎತ್ತಿ ಓಡಾಡೋಕೆ ಆಗುತ್ತಿರಲಿಲ್ಲ. ಗೆದ್ದರು. ಮುಂದಿನ ವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ಇಂಟರ್ ಮಿಲಾನ್‌ಗೆ ಮನೆಯಂಗಳದಲ್ಲಿ 1–0. ಆ ಗುಂಪು ದಾಟಿ ಸೆವಿಯ್ಯಾ ಎದುರಾಯಿತು.

ತವರಲ್ಲಿ 3–2 ಗೆದ್ದಿದ್ದರು. ಸ್ಪೇನ್‌ನಲ್ಲಿ ಮರುಪಂದ್ಯ. ಒಂಬತ್ತು ನಿಮಿಷದೊಳಗೆ ಸೆವಿಯ್ಯಾ 2–0, ಎರಡರಲ್ಲೂ ಕೀಪರ್ ವೋಲ್ಕಾನ್ ತಪ್ಪು. ದೂರದಿಂದ ಬಂದ ಹೊಡೆತ ಕೈಯಿಂದ ಜಾರಿಹೋಯಿತು. ಬೇರೆ ಕೀಪರ್ ಆಗಿದ್ದರೆ ಅಲ್ಲೇ ಕುಸೀತಿದ್ದ. ಡೇವಿಡ್ ಎರಡು ಗೋಲು ಹೊಡೆದು ಎಳೆದಾಡಿ ಶೂಟೌಟ್‌ಗೆ ತಂದ. ಶೂಟೌಟ್‌ನಲ್ಲಿ ಅದೇ ವೋಲ್ಕಾನ್ ಮೂರು ಪೆನಾಲ್ಟಿ ಹಿಡಿದ! ಕ್ವಾರ್ಟರ್ ಫೈನಲ್‌ನಲ್ಲಿ ಚೆಲ್ಸಿಗೆ ತವರಲ್ಲಿ 2–1. ಲಂಡನ್‌ನಲ್ಲಿ 0–2 ಸೋತು ಹೊರಬಿದ್ದರು. ಫೆನರ್‌ಬಾಚೆ ಅದಕ್ಕೆ ಮುಂಚೆ ಚಾಂಪಿಯನ್ಸ್ ಲೀಗ್‌ನಲ್ಲಿ ಅಷ್ಟು ದೂರ ಹೋಗಿರಲಿಲ್ಲ.

ಅಲೆಕ್ಸ್ ಡಿ ಸೌಜಾ, ರಾಬರ್ಟೊ ಕಾರ್ಲೊಸ್, ಡೇವಿಡ್, ಎಡು ಡ್ರಸೆನಾ. ಅರ್ಧ ತಂಡ ಬ್ರೆಜಿಲ್‌ನವರೇ. ಅಂಥವರಿಗೆ ಹಗ್ಗ ಬಿಚ್ಚಿಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಅಭಿಮಾನಿಗಳು ಅವನ ಹೆಸರಿನ ಮೇಲೆ "ಕಿಂಗ್ ಆರ್ಥರ್" ಅಂತ ಕರೆದರು.

ಹಳೇ_ರೆಫರಿ:
ಅಷ್ಟಾದರೂ 2008ರ ಬೇಸಿಗೆಯಲ್ಲಿ ಅಲ್ಲಿಂದ ಹೊರಟರು, ಸ್ಪೇನ್‌ಗೆ ಯೂರೊ ಕಪ್ ಗೆಲ್ಲಿಸಿದ ಕೋಚ್ ಅರಾಗೊನೆಸ್ ಆ ಕುರ್ಚಿಗೆ ಬಂದರು. ಆಮೇಲಿನ ಎರಡು ವರ್ಷ ನೋಡಿದರೆ ತಲೆ ತಿರುಗುತ್ತೆ. ತಾಷ್ಕೆಂಟ್‌ನ ಬುನ್ಯೋದ್ಕೊರ್, ರಿವಾಲ್ಡೊ ಆಡುತ್ತಿದ್ದ ತಂಡ. ಅಲ್ಲಿ ಲೀಗ್ ಮತ್ತು ಕಪ್. ಜನವರಿಗೆ ಮಾಸ್ಕೊದ ಸಿಎಸ್‌ಕೆಎ, ಅಲ್ಲೂ ಸೂಪರ್ ಕಪ್, ರಷ್ಯನ್ ಕಪ್. ಸೆಪ್ಟೆಂಬರ್‌ನಲ್ಲಿ ವಜಾ. ಅದೇ ತಿಂಗಳು ಗ್ರೀಸ್‌ನ ಒಲಿಂಪಿಯಾಕೋಸ್. ಚಾಂಪಿಯನ್ಸ್ ಲೀಗ್‌ನಲ್ಲಿ ಆರ್ಸೆನಲ್ ನಂತರ ಎರಡನೇ ಸ್ಥಾನ ಪಡೆದು ಮುಂದಿನ ಸುತ್ತಿಗೆ ಒಯ್ದರು. ಜನವರಿಯಲ್ಲಿ ಅಲ್ಲೂ ವಜಾ, ಮುಂದಿನ ಸುತ್ತು ಆಡಿಸಲು ಅವರೇ ಇರಲಿಲ್ಲ!

ಅಂಕಿ_ಅಂಶ:
ಇದರಲ್ಲಿ ನಾನು ಜಿಕೊ ಪರ. ಕಪ್ ಗೆದ್ದು ಮೂರು-ನಾಲ್ಕು ತಿಂಗಳಿಗೆ ತೆಗೆದುಹಾಕಿದರೆ ಯಾವ ಕೋಚ್ ತಾನೇ ಏನು ಕಟ್ಟಬಹುದು? ಆದರೆ ಇನ್ನೊಂದು ಕಡೆಯೂ ಇದೆ. ಮಧ್ಯದಲ್ಲೇ ಬುನ್ಯೋದ್ಕೊರ್ ಬಿಟ್ಟು ಮಾಸ್ಕೊಗೆ ಹಾರಿದ್ದು ಅವನೇ. ಕಾಶಿಮಾದಲ್ಲಿ ಕೆಲಸ ಮಾಡಿದ್ದು ನಿಧಾನ. ಅಂಥ ಮನುಷ್ಯ ಆತುರದ ಜಾಗಗಳನ್ನೇ ಯಾಕೆ ಆರಿಸಿಕೊಂಡ?

ಹಳೇ_ರೆಫರಿ:
ಇರಾಕ್ ಸೇರಿಸಿ. 2011ರಿಂದ 12. ತವರಲ್ಲಿ ಆಡಲು ಅನುಮತಿ ಇಲ್ಲದೆ "ತವರು" ಪಂದ್ಯಗಳನ್ನು ದೋಹಾದಲ್ಲಿ ಆಡಿದ ತಂಡ. ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಸೈತಾಮಾಗೆ ಹೋದಾಗ ಎದುರಿಗೆ ಜಪಾನ್, 0–1. ಮುಂದಿನ ತಿಂಗಳು ಸ್ವೀಡನ್‌ನ ಮಾಲ್ಮೊದಲ್ಲಿ ಸ್ನೇಹ ಪಂದ್ಯ, ಬ್ರೆಜಿಲ್ ಎದುರು 0–6. ಒಂದೇ ಶರತ್ಕಾಲದಲ್ಲಿ ತನ್ನ ಎರಡೂ ಮನೆಗಳ ಎದುರು ಸೋತರು. ನವೆಂಬರ್‌ನಲ್ಲಿ, ಫೆಡರೇಷನ್ ಒಪ್ಪಂದದಂತೆ ನಡೆದುಕೊಂಡಿಲ್ಲ ಅಂತ ಹೇಳಿ ಬಿಟ್ಟುಬಂದರು.

ಮನೆ ಅಂದಾಗ ನೆನಪಾಯಿತು. ಬ್ರೆಜಿಲ್ ರಾಷ್ಟ್ರೀಯ ತಂಡಕ್ಕೆ ಈ ಮನೆಯಿಂದ ಒಬ್ಬ ಕೋಚ್ ಆಗಿದ್ದರು ಗೊತ್ತಾ? ಜಿಕೊ ಅಲ್ಲ, ಅವರ ಅಣ್ಣ ಎಡು. 1984ರಲ್ಲಿ ಮೂರೇ ಪಂದ್ಯ. ಅದರಲ್ಲೊಂದು ಮರಕಾನಾದಲ್ಲಿ ಇಂಗ್ಲೆಂಡ್ ಎದುರು. ಜಾನ್ ಬಾರ್ನ್ಸ್ ಅರ್ಧ ತಂಡವನ್ನು ದಾಟಿ ಹೊಡೆದ ಗೋಲು ಇದೆಯಲ್ಲ, ಅದೇ ಪಂದ್ಯ. ಮುಂದೆ ಜಪಾನ್‌ನಲ್ಲಿ ತಮ್ಮನ ಪಕ್ಕ ಸಹಾಯಕರಾಗಿ ಕೂತದ್ದೂ ಇದೇ ಎಡು.

ಕಾರವಾರದ_ಹುಡುಗ:
ತಡವಾಗಿ ಬಂದೆ. ಗೋವಾ ಭಾಗ ನನ್ನದು, ಯಾರೂ ಮುಟ್ಟಬೇಡಿ.

2015 ಡಿಸೆಂಬರ್ 20. ಬೈಕಿನಲ್ಲಿ ನಾವು ನಾಲ್ಕು ಜನ. ಕಾಳಿ ಸೇತುವೆ ದಾಟಿ, ಮಾಜಾಳಿ, ಕಾಣಕೋಣ, ಕರ್ಮಲ್ ಘಾಟ್ ಇಳಿದು ಮಡಗಾಂವ್. ಫಟೋರ್ಡಾ ಸ್ಟೇಡಿಯಂ. ಇಂಡಿಯನ್ ಸೂಪರ್ ಲೀಗ್ ಫೈನಲ್, ಎಫ್‌ಸಿ ಗೋವಾ–ಚೆನ್ನೈಯಿನ್. ಆ ವರ್ಷ ಗೋವಾ ಲೀಗ್ ಹಂತದಲ್ಲಿ ಮೊದಲ ಸ್ಥಾನ. ಮುಂಬೈಗೆ 7–0 ಹೊಡೆದಿದ್ದರು, ಡುಡು ಮತ್ತು ಹಾವೊಕಿಪ್ ಇಬ್ಬರದೂ ಹ್ಯಾಟ್ರಿಕ್. ಡಿಫೆನ್ಸ್‌ನಲ್ಲಿ ಲೂಸಿಯೊ, ಬ್ರೆಜಿಲ್ ಪರ 2002ರ ವಿಶ್ವಕಪ್ ಗೆದ್ದವನು. ನಾವು ಕಪ್ ನೋಡೋಕೇ ಹೋಗಿದ್ದು, ಪಂದ್ಯ ನೋಡೋಕಲ್ಲ.

ಗೋಲಿನಲ್ಲಿ ಕಟ್ಟಿಮನಿ. ಹೆಸರು ಕೇಳಿದರೆ ನಮ್ಮ ಧಾರವಾಡ ಕಡೆಯವನು ಅನ್ನಿಸುತ್ತೆ, ಹುಡುಗ ಗೋವಾದವನು. ಅವತ್ತು ಒಂದು ಪೆನಾಲ್ಟಿ ತಡೆದ. 1–1. 87ನೇ ನಿಮಿಷ, ಜೊಫ್ರೆ ಫ್ರೀ ಕಿಕ್ ನೇರ ಬಲೆಗೆ. 2–1. ಪಕ್ಕದಲ್ಲಿದ್ದ ಅಜ್ಜ ನನ್ನನ್ನ ತಬ್ಬಿಕೊಂಡು ಕೊಂಕಣಿಯಲ್ಲಿ ಏನೇನೋ ಅಂದರು. ಮುಂದಿನ ಸಾಲಿನವರು ಆಗಲೇ ಪಟಾಕಿ ತೆಗೆದರು.

90ನೇ ನಿಮಿಷ. ಬಾಕ್ಸಿಗೆ ಒಂದು ಚೆಂಡು ಬಂತು. ಕಟ್ಟಿಮನಿ ಹಾರಿದ, ಕೈಗೆ ತಾಗಿ ನಮ್ಮದೇ ಗೋಲಿನೊಳಗೆ. ಎರಡು ನಿಮಿಷ ಕಳೆದು ಮೆಂಡೋಜಾ. 2–3. ಪಟಾಕಿ ಹಿಡಿದವನ ಕೈಯಲ್ಲಿ ಕಡ್ಡಿಪೆಟ್ಟಿಗೆ ಹಾಗೇ ಇತ್ತು.

ಜಿಕೊ ಟಚ್‌ಲೈನ್ ಹತ್ತಿರ ಕೈಕಟ್ಟಿ ನಿಂತಿದ್ದರು. 2–1 ಆದಾಗ ಏನಾದರೂ ಬದಲಾಯಿಸಬೇಕಿತ್ತಾ ಅಂತ ನಾನೂ ಎಷ್ಟೋ ಸಲ ಯೋಚಿಸಿದ್ದೀನಿ. ಉಳಿದಿದ್ದು ಮೂರೇ ನಿಮಿಷ ಮಾರಾಯ್ರೆ. ಮೂರು ನಿಮಿಷದಲ್ಲಿ ಏನು ಬದಲಾಯಿಸ್ತೀರಿ?

ವಾಪಸ್ ಬರುವಾಗ ಮಡಗಾಂವ್‌ನಲ್ಲಿ ರೋಸ್ (ಗ್ರೇವಿ ಹಾಕಿದ) ಆಮ್ಲೆಟ್ ಗಾಡಿ ಹತ್ತಿರ ನಿಂತೆವು. ಗಾಡಿಯವನು ದುಡ್ಡು ಕೇಳೋದೇ ಮರೆತಿದ್ದ, ನಾವೇ ಕೊಟ್ಟೆವು.

ಅಂಕಿ_ಅಂಶ:
ಕಾರವಾರ, ನೋವು ಅರ್ಥ ಆಗುತ್ತೆ. ಆದರೆ ಕೈಸರ್ಸ್‌ಲೌಟರ್ನ್‌ನಲ್ಲಿ ಎಂಟು ನಿಮಿಷ, ಫಟೋರ್ಡಾದಲ್ಲಿ ಐದು. ಕೊನೆ ಗಳಿಗೆಯಲ್ಲಿ ಬಾಗಿಲು ಹಾಕೋದು ಅವನಿಗೆ ಬರ್ತಿರಲಿಲ್ಲ ಅನ್ನೋಕೆ ಇನ್ನೇನು ಬೇಕು?

ಕಾರವಾರದ_ಹುಡುಗ:
ಬಾಗಿಲು ಹಾಕಿದ್ದೂ ಇದೆ. 2014ರ ಸೆಮಿಯಲ್ಲಿ ಕೋಲ್ಕತ್ತಾ ಎದುರು ಎರಡೂ ಪಂದ್ಯ 0–0, ಪೆನಾಲ್ಟಿಯಲ್ಲಿ ಸೋತಿದ್ದು. 2016 ಬೇರೆ ಕಥೆ. ಹಿಂದಿನ ಫೈನಲ್ ಆದ ಮೇಲೆ ನಡೆದ ಗಲಾಟೆಗೆ ಕ್ಲಬ್ಬಿಗೆ ಕೋಟಿಗಟ್ಟಲೆ ದಂಡ, 15 ಅಂಕ ಕಡಿತ. ಅಂಕ ಕಡಿತ ಮೇಲ್ಮನವಿಯಲ್ಲಿ ರದ್ದಾಯಿತು, ಆದರೆ ಅಷ್ಟರಲ್ಲಿ ಮನೆ ಚೆಲ್ಲಾಪಿಲ್ಲಿ. ಆ ವರ್ಷ ಕೊನೆಯ ಸ್ಥಾನ. ಕೊನೆಯ ಪಂದ್ಯದಲ್ಲಿ ಅದೇ ಚೆನ್ನೈಯಿನ್‌ಗೆ 5–4 ಹೊಡೆದು ಮುಗಿಸಿದರು. ಜಿಕೊ ತಂಡ ಅಂದರೆ ಹಾಗೇ, ಹೋಗುವಾಗಲೂ ಒಂಬತ್ತು ಗೋಲು ತೋರಿಸಿ ಹೋಯಿತು.

ಇನ್ನೊಂದು. ಗೋವಾದ ರೋಮಿಯೊ ಫರ್ನಾಂಡಿಸ್ 2015ರಲ್ಲಿ ಬ್ರೆಜಿಲ್‌ನ ಅಟ್ಲೆಟಿಕೊ ಪರಾನೆನ್ಸೆಗೆ ಆಡಲು ಹೋದ. ಜಿಕೊ ಗೋವಾದಲ್ಲಿ ಕೋಚ್ ಆಗಿ ಕೂತಿರದೇ ಇದ್ದಿದ್ದರೆ ಇಲ್ಲಿನ ಹುಡುಗನ ಹೆಸರು ಬ್ರೆಜಿಲ್ ಕ್ಲಬ್ಬಿನ ಕಿವಿಗೆ ಬೀಳ್ತಿತ್ತಾ? ನನಗಂತೂ ಅನುಮಾನ.

ಗೌತಂಪುರ_ಗೋಲಿ:
ಒಂದು ಗಮನಿಸಿದಿರಾ? ಈ ಮನುಷ್ಯನ ಬದುಕಿನ ದೊಡ್ಡ ತಿರುವುಗಳೆಲ್ಲ ಪೆನಾಲ್ಟಿ ಚುಕ್ಕೆಯಲ್ಲೇ. 1986ರಲ್ಲಿ ಬ್ಯಾಟ್ಸ್. 2004ರಲ್ಲಿ ಚಾಂಗ್‌ಚಿಂಗ್. 2008ರಲ್ಲಿ ವೋಲ್ಕಾನ್. 2014ರಲ್ಲಿ ಕೋಲ್ಕತ್ತಾ.

ಟ್ಸುಕುಬಾ_ಕನ್ನಡತಿ:
1994 ಬಿಟ್ಟಿರಿ! ಜೆ ಲೀಗ್‌ನ ಮೊದಲ ಚಾಂಪಿಯನ್‌ಶಿಪ್, ವೆರ್ಡಿ ಕವಸಾಕಿ ಎದುರು. ಎದುರಾಳಿಗೆ ಪೆನಾಲ್ಟಿ ಕೊಟ್ಟ ಸಿಟ್ಟಿಗೆ ಜಿಕೊ ಚುಕ್ಕೆಯ ಮೇಲಿಟ್ಟ ಚೆಂಡಿನ ಹತ್ತಿರ ಹೋಗಿ ಉಗಿದರು. ಮೈದಾನದಿಂದ ಹೊರಗೆ. "ಗೌರವ" ಅಂತ ಕಲಿಸಿದವರೇ! ಇಲ್ಲಿಯವರು ಈ ಕಥೆಯನ್ನ ನಗುತ್ತಾ ಹೇಳ್ತಾರೆ, ಮುಚ್ಚಿಡಲ್ಲ. ಮುಂದೆ 2018ರಲ್ಲಿ ಟೆಕ್ನಿಕಲ್ ಡೈರೆಕ್ಟರ್ ಆಗಿ ವಾಪಸ್ ಕರೆದರು, ಅದೇ ವರ್ಷ ಕಾಶಿಮಾ ಮೊದಲ ಸಲ ಏಷ್ಯಾ ಚಾಂಪಿಯನ್ಸ್ ಲೀಗ್ ಗೆದ್ದಿತು. ಅವರು ಬೆಂಚಿನಲ್ಲಿ ಇರಲಿಲ್ಲ, ಮೇಲೆ ಸ್ಟ್ಯಾಂಡಿನಲ್ಲಿ.

ಅಂಕಿ_ಅಂಶ:
ಅದೇ ಅವನ ಸರಿಯಾದ ಜಾಗ ಅಂತ ನಾನು ಮೊದಲಿನಿಂದ ಹೇಳ್ತಿರೋದು. ಕ್ಲಬ್ ಕಟ್ಟೋಕೆ ಜಿಕೊ, 79ನೇ ನಿಮಿಷಕ್ಕೆ ಬೇರೆ ಯಾರಾದರೂ.

ಹಳೇ_ರೆಫರಿ:
ಅಷ್ಟು ಸುಲಭವಾಗಿ ಬೇರೆ ಮಾಡೋಕೆ ಆಗಲ್ಲಪ್ಪ. ಬಿಟ್ಟುಕೊಡುವ ಗುಣ ಒಂದೇ. ಅದು ಸೋಮವಾರ ಅಭ್ಯಾಸದಲ್ಲಿ ಇರಲಿ, ಶನಿವಾರ ಪಂದ್ಯದಲ್ಲಿ ಬೇಡ ಅಂದರೆ ಹುಡುಗರು ನಂಬುವುದಿಲ್ಲ. ನಾನು ಇಪ್ಪತ್ತು ವರ್ಷ ಸೀಟಿ ಊದಿದವನು, ಸಾವಿರ ಕೋಚ್‌ಗಳ ಕೂಗು ಕೇಳಿದ್ದೇನೆ. ಆಟಗಾರ ಕಾಲು ಎತ್ತುವ ಮುಂಚೆಯೇ ಏನು ಮಾಡಬೇಕು ಅಂತ ಕೂಗುವವರು. ಕೂಗದೆ ನಿಂತವರು ಎಷ್ಟು ಜನ ಅಂತ ಕೇಳಿದರೆ ಒಂದು ಕೈಯ ಬೆರಳೂ ಜಾಸ್ತಿ.

ಹತ್ತನೇ_ನಂಬರು:
ಇದನ್ನೆಲ್ಲ ಆ ಇಡ್ಲಿ ಗೆಳೆಯನಿಗೆ ಕಳಿಸಿದೆ. ಪೂರ್ತಿ ಓದಿದನಂತೆ. ನಾನು ನನ್ನ ಕಡೆಯಿಂದ ಸ್ವಲ್ಪ ಸರಿದಿದ್ದೀನಿ ಅಂತಲೂ ಒಪ್ಪಿಕೊಂಡೆ: ಸೆರೆಜೊನ ಮೂರು ಕಪ್ ಎದುರು ಜಿಕೊನನ್ನ ದೊಡ್ಡ ಕೋಚ್ ಅನ್ನೋಕೆ ಬಾಯಿ ಬರ್ತಿಲ್ಲ, ಆದರೆ ಕೆಟ್ಟ ಕೋಚ್ ಅನ್ನೋರ ಜೊತೆ ಇಡ್ಲಿ ತಿನ್ನೋಕೂ ಆಗ್ತಿಲ್ಲ. ಅವನ ಉತ್ತರ ಒಂದೇ ಸಾಲು: "ಹಾಗಾದ್ರೆ ಓನೊ ಬದಲು ಯಾರನ್ನ ಇಳಿಸಬೇಕಿತ್ತು?"

ಅಂಕಿ_ಅಂಶ:
ಒಬ್ಬ ಡಿಫೆಂಡರ್. ಯಾರಾದರೂ ಸರಿ.

ಗೌತಂಪುರ_ಗೋಲಿ:
ಇನಮೊಟೊ. ಬೆಂಚಿನಲ್ಲೇ ಕೂತಿದ್ದ.

ಕಾರವಾರದ_ಹುಡುಗ:
ಓನೊನೇ ಸರಿ.